ಈ ಗಾಡಿ ಊರೊಳಗೆ ಹೋಗುತ್ತಾ? ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಚನ್ನಪಟ್ಟಣಕ್ಕೂ ಮದ್ದೂರಿಗೂ ನಡುವೆ, ಹಳೇ ಮೈಸೂರು ರಸ್ತೆಯ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಅಂಗಡಿ ಎದುರಿಗೇ ಬಸ್ ಸ್ಟಾಪು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಸ್ಸು ನೋಡುತ್ತಾ ಕೂರುವುದೇ ಕೆಲಸ. ಮೊದಲೆಲ್ಲ ಒಂದು ತಪ್ಪಿದರೆ ಟೀ ಕುಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಗಡಿಯಾರ ನೋಡಿ ಬಸ್ಸಿಗೆ ಹೊರಡುವ ಅಭ್ಯಾಸವೇ ನಮ್ಮ ಕಡೆಯವರಿಗೆ ಇರಲಿಲ್ಲ. ಈಗ ಸ್ಟಾಪಿನಲ್ಲಿ ಕಾದು ಸಾಕಾದವರು ನನ್ನ ಅಂಗಡಿಗೇ ಬಂದು, "ಮುಂದಿನ್ದು ಎಷ್ಟೊತ್ತಿಗೈತಣ್ಣ?" ಅಂತ ಕೇಳುತ್ತಾರೆ. ನನಗೇನು ಗೊತ್ತು? ಟೈಮಿಂಗ್ಸ್ ಬೋರ್ಡು ಅಲ್ಲಿ ಎಂದೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಗೇ ಬಂದು ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರ್, ಹತ್ತಿರಹತ್ತಿರ 8,500 ಕೋಟಿ ರೂಪಾಯಿ. ಬೆಂಗಳೂರಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಒಂದೂಕಾಲು ಗಂಟೆಗೆ ಇಳಿಯುತ್ತದೆ ಎಂದರು. ಖುಷಿಪಟ್ಟವರಲ್ಲಿ ನಾನೂ ಒಬ್ಬ. ನಮ್ಮೂರ ಮುಂದೆ ಹಗಲೂ ರಾತ್ರಿ ಲಾರಿ ಹಾರನ್ನು ಕೇಳಿದವರಿಗೇ ಆ ಖುಷಿ ಗೊತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲವನ್ನೂ ಪಕ್ಕಕ್ಕಿಟ್ಟು ಬೈಪಾಸ್ ಆಯಿತು. ಕಾರುಗಳು ಅತ್ತ ಹೋದವು, ಹೋಗಲಿ. ಕಾರುಗಳ ಹಿಂದೆಯೇ ಬಸ್ಸುಗಳೂ ಒಂದೊಂದಾಗಿ ಮೇಲಕ್ಕೆ ಹತ್ತಿಬಿಟ್ಟವು. ಅದನ್ನು ನಮಗೆ ಯಾರೂ ಹೇಳಲಿಲ್ಲ. ಒಂದು ಚೀಟಿ ಅಂಟಿಸಲಿಲ್ಲ, ಪಂಚಾಯಿತಿಗೊಂದು ಪತ್ರ ಬರಲಿಲ್ಲ. ಒಂದು ಬೆಳಗ್ಗೆ ಏಳೂವರೆಯ ಗಾಡಿಗೆ ಕಾದೆವು, ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಹಾಗೆಯೇ ಗೊತ್ತಾಯಿತು.

ಹೋಟೆಲಿನವರ ನಷ್ಟದ ಸುದ್ದಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಮದ್ದೂರು ವಡೆಯವರು, ಚನ್ನಪಟ್ಟಣದ ಬೊಂಬೆ ಅಂಗಡಿಯವರು, ಎಳನೀರಿನವರು, ಅವರದು ಸುಳ್ಳು ಸಂಕಟವಲ್ಲ. ಆದರೆ ವಡೆ ಬೇಕಾದರೆ ಬುಟ್ಟಿ ಎತ್ತಿಕೊಂಡು ಹೊಸ ರಸ್ತೆಯ ಪಕ್ಕಕ್ಕೆ ಹೋದೀತು. ಊರು ಎದ್ದು ಹೋಗುವುದಕ್ಕಾಗುತ್ತದೆಯೇ?

ನಮ್ಮ ಪಕ್ಕದ ಮನೆಯ ಅಕ್ಕ ರೇಷ್ಮೆ ಸಾಕುತ್ತಾರೆ. ಹಿಪ್ಪುನೇರಳೆ ತೋಟ ಮುಕ್ಕಾಲು ಎಕರೆ. ಗೂಡು ಬಿಡಿಸಿದ ದಿನ ರಾಮನಗರದ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟಬೇಕು. ಗೂಡು ಅಂದರೆ ರಾಗಿಯಲ್ಲ, ಇವತ್ತಲ್ಲ ನಾಳೆ ಅಂತ ಮೂಲೆಗೆ ಇಡುವುದಕ್ಕೆ. ಒಳಗಿರುವುದು ಜೀವ. ದಿನ ಕಳೆದಷ್ಟೂ ತೂಕ ಇಳಿಯುತ್ತದೆ, ಹೆಚ್ಚು ದಿನ ಬಿಟ್ಟರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ. ಒತ್ತಿಹೋದರೆ ಒಳಗಿನ ಹುಳ ಒಡೆದು ಕಲೆ ಬೀಳುತ್ತದೆ, ರೇಟು ಅಲ್ಲೇ ಬಿತ್ತು. ಹಾಗಾಗಿ ಅಕ್ಕ ಚೀಲಗಳನ್ನು ಸಡಿಲವಾಗಿ ಕಟ್ಟಿ, ಡ್ರೈವರ್ ಪಕ್ಕದ ಜಾಗ ಹಿಡಿದು, ಮೇಲೆ ಯಾರೂ ಕೂರದ ಹಾಗೆ ಕಾವಲು ಕಾಯುತ್ತಾ ಹೋಗುತ್ತಿದ್ದರು. ಮಾರುಕಟ್ಟೆಗೆ ಹತ್ತಿರವೇ ಇಳಿಯುತ್ತಿದ್ದರು. ಈಗ ಬೆಳಗಿನ ಗಾಡಿ ಬೈಪಾಸ್ ಹಿಡಿದ ಮೇಲೆ ಚನ್ನಪಟ್ಟಣದ ತನಕ ಆಟೋ, ಅಲ್ಲಿಂದ ಇನ್ನೊಂದು ಬಸ್ಸು. ಎರಡು ಸಲ ಹತ್ತಿಸಿ ಎರಡು ಸಲ ಇಳಿಸಿದರೆ ಗೂಡಿನ ಗತಿ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ, ನಿಮ್ಮ ಮನೆಯಲ್ಲೂ ಹುಳ ಸಾಕಿದವರೇ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಅಕ್ಕನಿಗೆ ಟಿಕೆಟ್ ಸೊನ್ನೆ. ಆಟೋಗೆ ಸೊನ್ನೆ ಯಾರು ಹಾಕುತ್ತಾರೆ?

ರಾತ್ರಿಯ ಕಥೆ ಬೇರೆ. ಬೆಂಗಳೂರಿನಲ್ಲಿ ಹತ್ತುವಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಊರೊಳಗೆ ಹೋಗುತ್ತಾ? ಬೋರ್ಡಿನಲ್ಲಿ ಮೈಸೂರು ಎಂದಷ್ಟೇ ಇರುತ್ತದೆ. ಕಂಡಕ್ಟರ್ ಇದ್ದರೆ ಕೇಳಬಹುದು, ಅವರೂ ಒಂದೊಂದು ದಿನ ಒಂದೊಂದು ಹೇಳುತ್ತಾರೆ. ಹೋದ ತಿಂಗಳು ನನ್ನ ಮಗಳು ಕಾಲೇಜಿನಿಂದ ಬರುವಾಗ ಒಬ್ಬರು "ಹತ್ಕೊಳಮ್ಮ, ನಿಲ್ಲಿಸ್ತೀವಿ" ಎಂದರಂತೆ. ನಿಲ್ಲಿಸಿದ್ದೇನೋ ನಿಜ. ಮೇಲಿನ ರಸ್ತೆ ಮುಗಿದು ಸರ್ವೀಸ್ ರೋಡ್ ಕೂಡುವಲ್ಲಿ, ಲೈಟಿಲ್ಲದ ಕಡೆ, ಒಂಬತ್ತೂಮುಕ್ಕಾಲಿಗೆ. ಅಲ್ಲಿ ಅವಳ ಜೊತೆ ಇಳಿದವರು ಇನ್ನಿಬ್ಬರು ಹೆಂಗಸರು. ನಾನು ಬೈಕಿನಲ್ಲಿ ಹೋಗಿ ನೋಡಿದರೆ ಮೂವರೂ ಮೊಬೈಲ್ ಬೆಳಕು ಹಿಡಿದು, ಜಾಲರಿ ಬೇಲಿಗೆ ಬೆನ್ನು ಹಾಕಿ ನಿಂತಿದ್ದರು. ಆ ಕಂಡಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ನಿಲ್ಲಿಸಬಾರದ ಕಡೆ ಕನಿಕರಪಟ್ಟು ನಿಲ್ಲಿಸಿದ ಮನುಷ್ಯ.

ಅಂದಹಾಗೆ, 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಆ ಮೇಲಿನ ರಸ್ತೆ ಬಂದ್. ಅಪಘಾತಗಳ ಲೆಕ್ಕ ನೋಡಿದರೆ ಅದು ಸರಿಯೇ. ಆದರೆ ಕಾರಿಲ್ಲದವನಿಗೆ ಆ ರಸ್ತೆಯ ಮೇಲೆ ಕಾಲಿಡಲು ಇದ್ದದ್ದು ಬಸ್ಸೊಂದೇ. ಅದು ನಮ್ಮಲ್ಲಿ ನಿಲ್ಲುವುದಿಲ್ಲ. ನಮ್ಮ ಗದ್ದೆಯ ಮೇಲೆ ಹಾದುಹೋದ ರಸ್ತೆ ನಮಗೆ ಸದ್ದು ಮಾತ್ರ.

ಡಿಪೋಗೆ ಎರಡು ಸಲ ಹೋಗಿ ಬಂದೆ. ಮರ್ಯಾದೆಯಿಂದಲೇ ಕೂರಿಸಿ ಮಾತಾಡಿಸಿದರು. "ಇಪಿಕೆಎಂ ಬರಲ್ಲ ಸಾರ್" ಎಂದರು. ಕಿಲೋಮೀಟರಿಗೆ ಎಷ್ಟು ಆದಾಯ ಬಂತು ಅನ್ನುವ ಲೆಕ್ಕ ಅದು. ಊರೂರು ಹೊಕ್ಕು ಬಂದರೆ ಡೀಸೆಲ್ ಜಾಸ್ತಿ, ಹೊತ್ತು ಜಾಸ್ತಿ, ಬೈಪಾಸಿನಲ್ಲಿ ಹೋದರೆ ಅದೇ ಗಾಡಿಯಲ್ಲಿ ದಿನಕ್ಕೆ ಇನ್ನೊಂದು ಟ್ರಿಪ್ ಹೊಡೆಯಬಹುದು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮೊದಲು ಬಸ್ಸು ಕಡಿಮೆ ಮಾಡಿ, ಜನ ಬೇಸತ್ತು ಶೇರ್ ಆಟೋ ಹತ್ತಿ, ಆಮೇಲೆ ಜನವಿಲ್ಲ ಎಂದು ಉಳಿದ ಬಸ್ಸನ್ನೂ ತೆಗೆದರೆ ಅದು ಯಾವ ಲೆಕ್ಕ? ಆ ಇನ್ನೊಂದು ಟ್ರಿಪ್ ಬಂದದ್ದು ನಮ್ಮ ಏಳೂವರೆಯ ಗಾಡಿಯಿಂದ ಅನ್ನುವುದು ಯಾವ ಕಾಲಂನಲ್ಲೂ ಬರುವುದಿಲ್ಲ.

"ರೈಲಿದೆಯಲ್ಲ" ಅನ್ನುತ್ತಾರೆ. ಇದೆ, ಚನ್ನಪಟ್ಟಣದಲ್ಲಿ, ಮದ್ದೂರಿನಲ್ಲಿ. ಸ್ಟೇಷನ್ನಿಗೆ ಹೋಗುವುದು ಹೇಗೆ ಎಂದು ಕೇಳಿದರೆ ಮತ್ತೆ ಬಸ್ಸಿನ ಮಾತಿಗೇ ಬರುತ್ತೇವೆ.

ಬೈಪಾಸ್ ಬಸ್ಸು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಮೈಸೂರಿಗೆ ಬೇಗ ಹೋಗಬೇಕಾದವರು ಹೋಗಲಿ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಳೇ ರಸ್ತೆಯಲ್ಲಿ, ಎಲ್ಲ ಊರಿನಲ್ಲೂ ನಿಲ್ಲುವ ಬಸ್ಸು ಅರ್ಧ ಗಂಟೆಗೊಂದಾದರೂ ಖಾಯಂ ಇರಲಿ. ಅದಕ್ಕೆ ಮೈಸೂರಿನ ತನಕ ಓಡುವ ದೊಡ್ಡ ಗಾಡಿಯೇ ಬೇಕಿಲ್ಲ, ರಾಮನಗರದಿಂದ ಮಂಡ್ಯಕ್ಕೆ ಹೋಗಿಬರುವ ಲೋಕಲ್ ಗಾಡಿಯಾದರೂ ನಡೆಯುತ್ತದೆ. ಬಸ್ಸಿನ ಮುಂದೆ "ಬೈಪಾಸ್" ಅಥವಾ "ಊರ ಮೂಲಕ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಓದು ಬಾರದವರಿಗೆ ಬೋರ್ಡಿನ ಬಣ್ಣವೇ ಬೇರೆ ಇರಲಿ. ಇನ್ನು ಮುಂದೆ ಒಂದು ಗಾಡಿಯ ದಾರಿ ಬದಲಿಸುವ ಮೊದಲು ಆಯಾ ಪಂಚಾಯಿತಿಗೆ ಹದಿನೈದು ದಿನ ಮುಂಚೆ ತಿಳಿಸಲಿ. ಗ್ರಾಮಸಭೆಯಲ್ಲಿ ನಮ್ಮ ಮಾತೂ ಒಂದಿಷ್ಟು ಬರೆದುಕೊಳ್ಳಲಿ.

ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಸಾರಿಗೆಯ ಅಧಿಕಾರಿಗಳು ನಿಮ್ಮ ಎದುರಿಗೇ ಕೂತಿರುತ್ತಾರೆ. ಅವತ್ತು ಹಳೇ ರಸ್ತೆಯ ಬಸ್ಸುಗಳ ಟೈಮಿಂಗ್ಸ್ ಪಟ್ಟಿಯೊಂದನ್ನು ಕೇಳಿ ಪಡೆದು, ನನ್ನ ಅಂಗಡಿಗೆ ಕಳಿಸಿಕೊಡಿ. ನಿಡಘಟ್ಟದಿಂದ ಮದ್ದೂರಿನವರೆಗೆ ಎಷ್ಟು ಸ್ಟಾಪಿದೆಯೋ ಅಷ್ಟೂ ಕಡೆ ನಾನೇ ಅಂಟಿಸಿ ಬರುತ್ತೇನೆ. ಜೆರಾಕ್ಸ್ ಖರ್ಚು ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಬಸ್ ಸ್ಟಾಪ್ ಎದುರಿನ ಜೆರಾಕ್ಸ್ ಅಂಗಡಿಯವನು