ಆಂಟಿ ಕೇಳಿದ ಪ್ರಶ್ನೆಗೆ

ಅಬುಧಾಬಿ

ಪ್ರೀತಿಯ ತಂಗಿ,

ಸಲಾಂ. ಅಬ್ಬಾನ ಮಂಡಿ ನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಅಮ್ಮಿಗೆ ಹಣ ಸೋಮವಾರ ಕಳಿಸುತ್ತೇನೆ.

ಕ್ರಿಸ್‌ಮಸ್‌ಗೆ ನೇವ್ರಿ, ದೋದೋಲ್ ಕೊಡಲು ಬಂದ ಪಕ್ಕದ ಮನೆ ಆಂಟಿ ‘ನಿಮ್ಮಲ್ಲಿ ಯೇಸುವನ್ನು ನಂಬ್ತಾರಾ?’ ಎಂದು ಕೇಳಿದರು, ನೀನು ನಕ್ಕು ಸುಮ್ನೆ ಇದ್ದುಬಿಟ್ಟೆ ಎಂದು ಬರೆದಿದ್ದೀಯ. ಅಬ್ಬಾ ಮತ್ತು ಆಂಟಿಯ ಗಂಡ ಬೈತಖೋಲದಿಂದ ಒಂದೇ ದೋಣಿಯಲ್ಲಿ ಮೀನಿಗೆ ಹೋದವರು. ಇಷ್ಟು ವರ್ಷ ಬಾರದ ಮಾತು ಈಗ ಬಂದಿದೆ. ಅದಕ್ಕೆ ಸರಿಯಾದ ಉತ್ತರ ಕೊಡಬೇಕು, ಅಲ್ವಾ?

ಹೌದು ಎಂದು ಹೇಳು. ಅವರು ಯೇಸು ಎನ್ನುವವರನ್ನೇ ನಾವು ಈಸಾ ಎನ್ನುತ್ತೇವೆ. ಈಸಾ ಅಲೈಹಿಸ್ಸಲಾಂ ಪ್ರವಾದಿ ಎಂದು ನಂಬದವನು ಮುಸ್ಲಿಮನೇ ಅಲ್ಲ. ಅವರು ತಂದೆಯಿಲ್ಲದೆ ಹುಟ್ಟಿದರು, ಅವರಿಗೆ ಇಂಜೀಲ್ ಎಂಬ ಗ್ರಂಥ ಕೊಡಲಾಯಿತು, ಅಲ್ಲಾಹನ ಅಪ್ಪಣೆಯಿಂದ ಕುರುಡರಿಗೆ ಕಣ್ಣು ಕೊಟ್ಟರು, ಸತ್ತವರನ್ನು ಎಬ್ಬಿಸಿದರು. ಎಲ್ಲವೂ ಕುರ್‌ಆನಿನಲ್ಲಿದೆ. ಅವರು ಮತ್ತೆ ಭೂಮಿಗೆ ಬರುತ್ತಾರೆ ಎಂದೂ ನಾವು ನಂಬುತ್ತೇವೆ.

ಅವರ ತಾಯಿ ಮರ್ಯಮ್ ಬಗ್ಗೆಯೂ ಹೇಳು. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಕರೆದಿರುವ ಹೆಂಗಸು ಅವರೊಬ್ಬರೇ. 19ನೇ ಸೂರಾಕ್ಕೆ, ಅಂದರೆ ಅಧ್ಯಾಯಕ್ಕೆ, ಅವರದೇ ಹೆಸರು. ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡ ಹಿಡಿದು, ಇದಕ್ಕಿಂತ ಮೊದಲೇ ಸತ್ತು ಯಾರ ನೆನಪಿಗೂ ಬಾರದೆ ಹೋಗಿದ್ದರೆ ಚೆನ್ನಾಗಿತ್ತು ಎಂದು ಆ ತಾಯಿ ಅಳುತ್ತಾರೆ. ನನಗೆ ಪ್ರತಿ ಸಲ ಗಂಟಲು ಕಟ್ಟುವುದು ಅಲ್ಲೇ. ಆಮೇಲೆ ಮಗುವನ್ನು ಎತ್ತಿಕೊಂಡು ಊರಿಗೆ ಬರುತ್ತಾರೆ. ಜನ ಚುಚ್ಚಿ ಮಾತಾಡುತ್ತಾರೆ. ಅವರು ಬಾಯಿ ಬಿಡುವುದಿಲ್ಲ, ಮಗುವಿನ ಕಡೆ ಕೈ ತೋರಿಸುತ್ತಾರೆ. ತೊಟ್ಟಿಲ ಕೂಸು ಮಾತಾಡುತ್ತದೆ: ನಾನು ಅಲ್ಲಾಹನ ದಾಸ, ಅವನು ನನ್ನನ್ನು ಪ್ರವಾದಿ ಮಾಡಿದ್ದಾನೆ, ತಾಯಿಗೆ ಒಳ್ಳೆಯವನಾಗಿರು ಎಂದಿದ್ದಾನೆ.

‘ದಾಸ’ ಎಂದೆನಲ್ಲ, ಅಲ್ಲಿಂದಲೇ ನಮ್ಮ ದಾರಿ ಬೇರೆ. ಆಂಟಿಯವರಿಗೆ ಯೇಸು ದೇವರ ಮಗ. ನಮಗೆ ಅಲ್ಲಾಹನಿಗೆ ಮಗನಿಲ್ಲ. ತಂದೆಯಿಲ್ಲದೆ ಹುಟ್ಟಿದ್ದಕ್ಕೆ ದೇವರಾಗುವುದಾದರೆ, ತಂದೆ ತಾಯಿ ಇಬ್ಬರೂ ಇಲ್ಲದ ಆದಮರನ್ನು ಏನೆನ್ನಬೇಕು? ಶಿಲುಬೆಯ ವಿಷಯವೂ ಹಾಗೇ. ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೇರಿಸಲೂ ಇಲ್ಲ, ಅಲ್ಲಾಹನು ತನ್ನ ಕಡೆಗೆ ಎತ್ತಿಕೊಂಡನು ಎನ್ನುತ್ತದೆ 4ನೇ ಸೂರಾ. ಆಂಟಿಯ ನಂಬಿಕೆಯೆಲ್ಲ ಆ ಶಿಲುಬೆಯ ಮೇಲೆ ನಿಂತಿದೆ. ಅದಕ್ಕೇ ಇದನ್ನು ವಾದದ ಹಾಗೆ ಹೇಳಬೇಡ. ಮುಚ್ಚಿಡಲೂ ಬೇಡ.

ಹೇಗೆ ಹೇಳುವುದು ಎಂದರೆ ಪ್ರವಾದಿ ಮುಹಮ್ಮದರ ಸೋದರ ಸಂಬಂಧಿ ಜಾಫರ್ ಹೇಳಿದ ಹಾಗೆ. ಸುಮಾರು 615ರಲ್ಲಿ ಮಕ್ಕಾದ ಕಾಟ ತಾಳಲಾರದೆ ಕೆಲವು ಮುಸ್ಲಿಮರು ಸಮುದ್ರ ದಾಟಿ ಅಬಿಸೀನಿಯಾಕ್ಕೆ, ಇಂದಿನ ಇಥಿಯೋಪಿಯಾ ಕಡೆಗೆ, ಹೋದರು. ಅಲ್ಲಿನ ರಾಜ ನಜಾಶಿ ಕ್ರಿಶ್ಚಿಯನ್. ಅವರನ್ನು ವಾಪಸ್ ಎಳೆದು ತರಲು ಮಕ್ಕಾದ ಕುರೈಷ್ ಬುಡಕಟ್ಟಿನವರು ದೂತರನ್ನು ಕಳಿಸಿದರು. ಆಸ್ಥಾನದಲ್ಲಿ ಜಾಫರ್ ಸೂರಾ ಮರ್ಯಮ್ ಓದಿದರು. ರಾಜ ಗಡ್ಡ ಒದ್ದೆಯಾಗುವಷ್ಟು ಅತ್ತ. ಮರುದಿನ ದೂತರು, ‘ಈಸಾ ಬಗ್ಗೆ ಏನು ಹೇಳ್ತಾರೆ, ಕೇಳಿ’ ಎಂದು ಚುಚ್ಚಿಕೊಟ್ಟರು. ಆಶ್ರಯ ಕೊಟ್ಟ ರಾಜ ಸಿಟ್ಟಾದರೆ ಎಲ್ಲರ ಜೀವಕ್ಕೂ ಕುತ್ತು. ಆದರೂ ಜಾಫರ್ ಸಿಹಿ ಮಾತು ಹುಡುಕಲಿಲ್ಲ. ಈಸಾ ಅಲ್ಲಾಹನ ದಾಸ, ಅವನ ರಸೂಲ್ ಅಂದರೆ ಸಂದೇಶವಾಹಕ, ಕನ್ಯೆ ಮರ್ಯಮಳಿಗೆ ಕೊಟ್ಟ ಅವನ ವಚನ, ಅವನಿಂದ ಬಂದ ಆತ್ಮ ಎಂದರು. ರಾಜ ನೆಲದಿಂದ ಒಂದು ಕಡ್ಡಿ ಎತ್ತಿ, ಈಸಾ ನೀನು ಹೇಳಿದ್ದಕ್ಕಿಂತ ಈ ಕಡ್ಡಿಯಷ್ಟೂ ಬೇರೆಯಲ್ಲ ಎಂದನಂತೆ. ಅವರನ್ನು ಬಿಟ್ಟುಕೊಡಲಿಲ್ಲ.

ಇಲ್ಲಿ ಮುಷ್ರಿಫ್‌ನಲ್ಲಿ ಸೇಂಟ್ ಜೋಸೆಫ್ ಚರ್ಚಿನ ಹತ್ತಿರ ಒಂದು ಮಸೀದಿಯಿದೆ. 2017ರಲ್ಲಿ ಅದಕ್ಕೆ ‘ಮರ್ಯಮ್, ಉಮ್ಮ್ ಈಸಾ’ ಎಂದು ಹೆಸರಿಟ್ಟರು, ಈಸಾರ ತಾಯಿ ಮರ್ಯಮ್ ಎಂದು. ಆಂಟಿಗೆ ಫೋಟೋ ತೋರಿಸು, ಇವತ್ತೇ ಕಳಿಸುತ್ತೇನೆ.

ಅಲಮಾರಿಯ ಮೇಲಿನ ಸಾಲಿನಲ್ಲಿ ಕನ್ನಡ ಅನುವಾದ ಇದೆ. ಸೂರಾ ಮರ್ಯಮಿನ 16ರಿಂದ 40ರವರೆಗಿನ ವಚನ ಮೊದಲು ಓದು. ತಿಳಿಯದ್ದನ್ನು ಬರೆದು ಕಳಿಸು.

ನಿನ್ನ ಅಣ್ಣ