ದೇಣಿಗೆ ಕೊಟ್ಟವರು ರಸೀದಿ ಬಿಡಬೇಡಿ

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಯ ಪರವಾಗಿ ಹಿತೈಷಿಗಳ ಸಭೆ ಕರೆದು ದೇಣಿಗೆ ಎತ್ತುವುದುಂಟು. ಐನೂರು, ಸಾವಿರ ಕೊಡುವ ಸಾಮಾನ್ಯ ಬೆಂಬಲಿಗರು ಅಲ್ಲಿಗೆ ಹೋಗುವುದು ಒಳ್ಳೆಯದೇ. ದೊಡ್ಡ ಕುಳಗಳ ಹಂಗಿಲ್ಲದೆ ಒಬ್ಬರು ಚುನಾವಣೆಗೆ ನಿಲ್ಲಬೇಕಾದರೆ ಬೇರೆ ದಾರಿ ಇಲ್ಲ. ಆದರೆ ಕೊಟ್ಟ ಹಣ ಲೆಕ್ಕದ ಪುಸ್ತಕ ಸೇರಿತೇ ಎಂದು ವಿಚಾರಿಸುವವರು ಕಡಿಮೆ.

ಮೊದಲು ಕೇಳಬೇಕಾದ್ದು, ಹಣ ಯಾವ ಖಾತೆಗೆ ಹೋಗುತ್ತದೆ ಎಂದು. ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲೇ ಅಭ್ಯರ್ಥಿ ಚುನಾವಣಾ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಅವರ ಸ್ವಂತ ದುಡ್ಡೂ ಮೊದಲು ಅಲ್ಲಿಗೆ ಬಂದು, ಅಲ್ಲಿಂದಲೇ ಖರ್ಚಾಗಬೇಕು. ಮೇಜಿನ ಮೇಲಿಟ್ಟ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮೇಲೆ, ಪಿನ್ ಒತ್ತುವ ಮುಂಚೆ, ಮೊಬೈಲಿನಲ್ಲಿ ಬರುವ ಹೆಸರನ್ನು ಓದಿ. ಅಭ್ಯರ್ಥಿಯ ಹೆಸರಿನ ಬದಲು ಫ್ಲೆಕ್ಸ್ ಅಂಗಡಿಯದೋ ಮುಖಂಡರ ತಮ್ಮನದೋ ಹೆಸರು ಕಂಡರೆ ಅಲ್ಲಿಗೇ ಕೈಬಿಡಿ.

ನಗದು ಕೊಡಲೇಬಾರದು ಎಂದೇನಿಲ್ಲ. ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚು ನಗದನ್ನು ಅಭ್ಯರ್ಥಿ ಪಡೆಯುವಂತಿಲ್ಲ, ಅಷ್ಟೆ. ಎಡವಟ್ಟಾಗುವುದು ಸಭೆಯಲ್ಲಿ ಇಡುವ ದೇಣಿಗೆ ಡಬ್ಬಿಯಿಂದ. ಚುನಾವಣಾ ವೆಚ್ಚದ ವಹಿಯಲ್ಲಿ ಮೂರು ಭಾಗ: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ ಹಾಳೆ, ಬ್ಯಾಂಕಿಗೆ ಹಳದಿ ಹಾಳೆ. ಗುಲಾಬಿ ಹಾಳೆಯಲ್ಲಿ ಹಣ ಕೊಟ್ಟವರ ಹೆಸರು, ವಿಳಾಸ ಎರಡೂ ಬೇಕು. ಡಬ್ಬಿಗೆ ಬಿದ್ದ ನೋಟಿಗೆ ಹೆಸರೆಲ್ಲಿ? ಸಭೆ ಮುಗಿದ ಮೇಲೆ ಎಣಿಸಲು ಕೂತವರು ಒಂದೋ ಆ ಹಣವನ್ನು ಲೆಕ್ಕದ ಹೊರಗೇ ಖರ್ಚು ಮಾಡುತ್ತಾರೆ, ಇಲ್ಲವೇ ಯಾರ್ಯಾರದೋ ಹೆಸರಿಗೆ ಹಂಚಿ ಬರೆಯುತ್ತಾರೆ. ಮತದಾರರ ಪಟ್ಟಿ ಹೇಗೂ ಪಕ್ಕದಲ್ಲೇ ಇರುತ್ತದಲ್ಲ! ಆದ್ದರಿಂದ ಡಬ್ಬಿಗೆ ಹಾಕದೆ, ಮೇಜಿನಲ್ಲಿ ಕೂತವರ ಕೈಗೆ ಕೊಟ್ಟು, ಹೆಸರು, ವಿಳಾಸ, ಮೊತ್ತ, ತಾರೀಕು ಬರೆಸಿ ಕ್ರಮಸಂಖ್ಯೆ ಇರುವ ರಸೀದಿ ಪಡೆಯಿರಿ.

ಇನ್ನೊಂದು ಪ್ರಮಾದ ಉತ್ಸಾಹದಿಂದ ಆಗುವಂಥದ್ದು. 'ಟೀ ಬಿಸ್ಕತ್ತು ನನ್ನ ಲೆಕ್ಕಕ್ಕಿರಲಿ', 'ಶಾಮಿಯಾನ ನಾನು ಹಾಕಿಸ್ತೀನಿ' ಎಂದು ಬೆಂಬಲಿಗರು ಮುಂದೆ ಬರುತ್ತಾರೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಹೀಗೆ ಖರ್ಚು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಂತೆ ಅಪರಾಧ. 10,000 ರೂಪಾಯಿವರೆಗೆ ದಂಡ ಬೀಳಬಹುದು. ಒಪ್ಪಿಗೆ ಇದ್ದರೂ ಆ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರುತ್ತದೆ. ಚುನಾವಣಾ ಆಯೋಗದ ವಿಡಿಯೊ ತಂಡ ಕುರ್ಚಿ, ಮೈಕು, ಬ್ಯಾನರ್, ವಾಹನ ಎಲ್ಲವನ್ನೂ ಚಿತ್ರೀಕರಿಸಿಕೊಂಡು ಹೋಗುತ್ತದೆ. ಆಮೇಲೆ ಒಂದೊಂದನ್ನೂ ಎಣಿಸಿ, ಜಿಲ್ಲೆಯಲ್ಲಿ ನಿಗದಿಯಾದ ದರದಿಂದ ಗುಣಿಸಿ, ತಮ್ಮದೇ ವಹಿಯಲ್ಲಿ ಬರೆದಿಡುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಆ ವಹಿಯನ್ನೂ ಅಭ್ಯರ್ಥಿಯ ವಹಿಯನ್ನೂ ತಾಳೆ ನೋಡುತ್ತಾರೆ. ನೀವು ಪ್ರೀತಿಯಿಂದ ಹಾಕಿಸಿದ ಇನ್ನೂರು ಕುರ್ಚಿ ಅಭ್ಯರ್ಥಿಯ ವಹಿಯಲ್ಲಿ ಇಲ್ಲದಿದ್ದರೆ ನೋಟಿಸು ಬರುವುದು ಅವರಿಗೆ. 2022ರಲ್ಲಿ ಪರಿಷ್ಕರಿಸಿದ ಪ್ರಕಾರ ರಾಜ್ಯದ ವಿಧಾನಸಭಾ ಕ್ಷೇತ್ರಕ್ಕೆ ವೆಚ್ಚದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ.

ತೆರಿಗೆ ವಿನಾಯಿತಿಯ ಆಸೆ ತೋರಿಸುವವರಿದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿಜಿಸಿ ಕಲಮಿನ ವಿನಾಯಿತಿ ಇದ್ದದ್ದು ನೋಂದಾಯಿತ ಪಕ್ಷಕ್ಕೆ ಅಥವಾ ಎಲೆಕ್ಟೋರಲ್ ಟ್ರಸ್ಟಿಗೆ (ದೇಣಿಗೆ ಸಂಗ್ರಹಿಸಿ ಪಕ್ಷಗಳಿಗೆ ಹಂಚುವ ಸಂಸ್ಥೆಗೆ) ಕೊಟ್ಟ ಹಣಕ್ಕೆ, ಅದೂ ನಗದಲ್ಲದಿದ್ದರೆ ಮಾತ್ರ. ಅಭ್ಯರ್ಥಿಯ ಖಾತೆಗೆ ಹಾಕಿದ್ದಕ್ಕೆ ಅಲ್ಲ. ಚೆಕ್ ಕೊಡಿ, ಕಮಿಷನ್ ಹಿಡಿದು ಉಳಿದದ್ದನ್ನು ನಗದಾಗಿ ವಾಪಸ್ ಕೊಡ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ.

ಸರ್ಕಾರಿ ನೌಕರರು ದೇಣಿಗೆ ಕೊಡುವಂತೆಯೇ ಇಲ್ಲ; ನಡತೆ ನಿಯಮ ಅಡ್ಡ ಬರುತ್ತದೆ. ವಿದೇಶದಲ್ಲಿರುವ ಮಗ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ತನ್ನ ಉಳಿತಾಯದಿಂದ ಕೊಡಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅವನ ಹಣ ವಿದೇಶಿ ದೇಣಿಗೆ. ಅದನ್ನು ಪಡೆದ ಅಭ್ಯರ್ಥಿಗೇ ಸಂಕಟ.

ಫಲಿತಾಂಶ ಬಂದ 30 ದಿನದೊಳಗೆ, ಗೆದ್ದವರೂ ಸೋತವರೂ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ತಪ್ಪಿದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ನಿಯಮದಲ್ಲಿರುವ ಶುಲ್ಕ ಒಂದು ರೂಪಾಯಿ. ರಸೀದಿ ಹಿಡಿದು ಹೋಗಿ, ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ನಿಮ್ಮ ಹೆಸರು, ಮೊತ್ತ ಸರಿಯಾಗಿದೆಯೇ ನೋಡಿ. ಇಲ್ಲದಿದ್ದರೆ ರಸೀದಿಯ ನಕಲು ಲಗತ್ತಿಸಿ ಅದೇ ಕಚೇರಿಗೆ ಬರೆದುಕೊಡಿ.

– ಚುನಾವಣಾ ವೆಚ್ಚದ ಲೆಕ್ಕ ಬರೆಯುವವರು