ನಮ್ಮೊಂದಿಗೆ ಕಾದು ಕುಳಿತವರಿಗೆ

ನಮ್ಮವರು ವಾಯುಸೇನೆಯಲ್ಲಿ ಇಪ್ಪತ್ತು ವರ್ಷಗಳ ಸೇವೆ ಮುಗಿಸಿ ಮಲ್ಪೆಗೆ ಮರಳಿದ್ದಾರೆ. ಇಂದ್ರಾಳಿ ರೈಲು ನಿಲ್ದಾಣದವರೆಗೆ ಬಂದು ಎದುರುಗೊಂಡವರಿಗೆ, ಹಾರ ಹಾಕಿದವರಿಗೆ, ಟ್ರಂಕುಗಳನ್ನು ಹೊತ್ತು ತಂದ ಹುಡುಗರಿಗೆ ವಂದನೆಗಳು. ಇದಕ್ಕಿಂತ ಹಳೆಯ ಋಣವೊಂದು ನಮ್ಮ ಮನೆಯ ಮೇಲಿದೆ. ಅವರು ಸಮವಸ್ತ್ರದಲ್ಲಿ ಇರುವಷ್ಟು ಕಾಲ ಅದನ್ನು ಊರೆದುರು ಬರೆಯುವುದು ಸರಿಯಲ್ಲವೆಂದು ಸುಮ್ಮನಿದ್ದೆ. ಈಗ ಬರೆಯುತ್ತಿದ್ದೇನೆ.

2019ರ ಫೆಬ್ರವರಿ 27, ಬುಧವಾರ. ಹಿಂದಿನ ದಿನವಷ್ಟೇ ನಮ್ಮ ವಿಮಾನಗಳು ಪಾಕಿಸ್ತಾನದ ಬಾಲಾಕೋಟಿಗೆ ಹೋಗಿ ದಾಳಿ ಮಾಡಿ ಬಂದಿದ್ದವು. ಪೇಟೆಯಲ್ಲಿ ಸಿಹಿ ಹಂಚಿದ್ದರು. ನಮ್ಮವರು ಆಗ ಶ್ರೀನಗರದಲ್ಲಿ ಹೆಲಿಕಾಪ್ಟರ್ ವಿಭಾಗದ ತಂತ್ರಜ್ಞರು. ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ, ಶ್ರೀನಗರದ ಹತ್ತಿರದ ಬುಡ್ಗಾಮಿನಲ್ಲಿ ವಾಯುಸೇನೆಯ ವಿಮಾನ ಬಿದ್ದಿದೆ ಎಂದು ಟಿವಿಯಲ್ಲಿ ಬಂತು. ಮೊದಲು ಯುದ್ಧವಿಮಾನ ಎಂದರು, ಆಮೇಲೆ ಎಂಐ-17 ಹೆಲಿಕಾಪ್ಟರ್ ಎಂದರು. ಹೆಲಿಕಾಪ್ಟರ್ ಎಂದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು. ಅದರಲ್ಲಿ ಹಾರುವವರು ಪೈಲಟ್‌ಗಳು ಮಾತ್ರವಲ್ಲ, ಸಾರ್ಜೆಂಟ್, ಕಾರ್ಪೊರಲ್‌ಗಳೂ ಇರುತ್ತಾರೆ. ಫೋನು ಮಾಡಿದರೆ ಸ್ವಿಚ್ ಆಫ್. ಕೆಲಸದ ಜಾಗಕ್ಕೆ ಅವರು ಮೊಬೈಲ್ ಒಯ್ಯುವಂತಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದರೂ ಮತ್ತೆ ಮತ್ತೆ ಒತ್ತುತ್ತಲೇ ಇದ್ದೆ.

ಆಗ ಮೊದಲು ಬಂದವರು ಎದುರು ಮನೆಯ ಅಕ್ಕ. ಏನೂ ಕೇಳದೆ ಟಿವಿ ಆರಿಸಿದರು. ನಮ್ಮ ಅತ್ತೆಯನ್ನು ಜಗಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತರು. ಅವರ ಹಿಂದೆಯೇ ಕೇರಿಯ ಇನ್ನಷ್ಟು ಹೆಂಗಸರು ಬಂದರು, ಬಂದರಿನಲ್ಲಿ ಮೀನಿನ ಕೆಲಸ ಬಿಟ್ಟು ಬಂದವರೂ ಇದ್ದರು. ಅವರು ಹೇಗೆ ಕುಳಿತರು ಎಂಬುದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ. 'ಏನೂ ಆಗಿರಲಿಕ್ಕಿಲ್ಲ' ಎಂದು ಯಾರೂ ಹೇಳಲಿಲ್ಲ. 'ಸುದ್ದಿ ಬಂತಾ' ಎಂದು ಯಾರೂ ಕೇಳಲಿಲ್ಲ. ಹಾಗೆ ಕೂರಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 2018ರ ಡಿಸೆಂಬರಿನಲ್ಲಿ ನಮ್ಮ ಬಂದರಿನಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾಗಿತ್ತು. ಫೆಬ್ರವರಿ ಮುಗಿಯುತ್ತ ಬಂದರೂ ಒಂದು ಹಲಗೆಯ ಸುಳಿವಿಲ್ಲ. ಜನವರಿಯಲ್ಲಿ ಮಲ್ಪೆಯ ಮೀನುಗಾರರೆಲ್ಲ ಬೀದಿಗಿಳಿದು ಹುಡುಕಿಕೊಡಿ ಎಂದು ಕೇಳಿದ್ದರು. ದಿನಕ್ಕೊಂದು ಊಹೆ ಹುಟ್ಟಿ, ಪ್ರತಿ ಊಹೆಯೂ ಆ ಏಳು ಮನೆಗಳನ್ನು ಹೇಗೆ ಸುಡುತ್ತದೆ ಎಂಬುದನ್ನು ಈ ಹೆಂಗಸರು ಕಣ್ಣಾರೆ ಕಂಡಿದ್ದರು. ಅವರ ಗಂಡಂದಿರೂ ಮಕ್ಕಳೂ ಆಳಸಮುದ್ರಕ್ಕೆ ಹೋಗುವವರೇ. ನಮ್ಮ ಮನೆಯ ಸಂಕಟ ಅವರಿಗೆ ಸೇನೆಯ ಸಂಕಟವಾಗಿ ಕಾಣಲಿಲ್ಲ, ತಮ್ಮದೇ ಆಗಿ ಕಂಡಿತು. (ಮೇ ತಿಂಗಳಲ್ಲಿ ನೌಕಾಪಡೆಯವರು ಆ ಬೋಟಿನ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಾಣದ ಬಳಿ ಸಮುದ್ರದ ತಳದಲ್ಲಿ ಪತ್ತೆಹಚ್ಚಿದರು. ಒಳಗಿದ್ದವರು ಮರಳಿ ಬರಲಿಲ್ಲ.)

ಅತ್ತ ಪಾಕಿಸ್ತಾನ ಇಬ್ಬರು ಪೈಲಟ್‌ಗಳನ್ನು ಸೆರೆಹಿಡಿದಿದ್ದೇವೆ ಎಂದಿತು, ಸಂಜೆಯ ಹೊತ್ತಿಗೆ ಒಬ್ಬರೇ ಎಂದಿತು. ಉರಿಯುತ್ತಿದ್ದ ಹೆಲಿಕಾಪ್ಟರಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ನಮ್ಮ ಕೇರಿಯ ಯುವಕರ ಗುಂಪಿಗೂ ಅದು ಬಂತಂತೆ. ಬಂದ ಕೂಡಲೇ ಅದನ್ನು ಅಳಿಸಿ, 'ನಮ್ಮ ಅಣ್ಣ ಅಲ್ಲಿದ್ದಾರೆ, ಯಾರೂ ಮುಂದೆ ಕಳುಹಿಸಬೇಡಿ' ಎಂದು ಬರೆದ ಹುಡುಗನಿಗೆ ನಾನು ಎಂದೆಂದಿಗೂ ಋಣಿ. ಗೇಟಿನವರೆಗೆ ಬಂದಿದ್ದ ಸ್ಥಳೀಯ ಪತ್ರಿಕೆಯ ವರದಿಗಾರರಿಗೂ ಅಷ್ಟೇ. 'ಅಧಿಕೃತವಾಗಿ ಹೆಸರು ಬರುವವರೆಗೆ ನಾವು ಏನೂ ಬರೆಯುವುದಿಲ್ಲ, ಫೋಟೊ ಬೇಡ, ನೀವು ಒಳಗೆ ಹೋಗಿ ಅಮ್ಮಾ' ಎಂದು ಹೇಳಿ ಬೈಕ್ ತಿರುಗಿಸಿದರು. ಮಗಳನ್ನು ಶಾಲೆ ಬಿಟ್ಟ ಮೇಲೂ ತಮ್ಮ ಜೊತೆಯಲ್ಲೇ ಕೂರಿಸಿಕೊಂಡು ಚಿತ್ರ ಬಿಡಿಸಲು ಕೊಟ್ಟ ಟೀಚರಿಗೆ, ಬಾಡಿಗೆ ತೆಗೆದುಕೊಳ್ಳದೆ ಅವಳನ್ನು ಮನೆಗೆ ತಲುಪಿಸಿದ ರಿಕ್ಷಾದವರಿಗೆ, ಕುಚ್ಚಲಕ್ಕಿ ಗಂಜಿ ಮಾಡಿ ತಂದು ಅತ್ತೆಗೆ ಕೈಯಾರೆ ಉಣಿಸಿದ ಪಕ್ಕದ ಮನೆಯ ಅತ್ತಿಗೆಗೆ ನನ್ನ ನಮಸ್ಕಾರ.

ಇನ್ನೊಬ್ಬರಿದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ, ಇದನ್ನು ಓದಲಾರರು. ನಮ್ಮವರ ಸಹೋದ್ಯೋಗಿಯ ಹೆಂಡತಿ, ಬೇರೆ ರಾಜ್ಯದವರು. ಮಧ್ಯಾಹ್ನ ಫೋನು ಮಾಡಿ, 'ಏನಾದರೂ ಆಗಿದ್ದರೆ ಸೇನೆಯವರು ಮೊದಲು ಮನೆಯವರಿಗೇ ತಿಳಿಸುತ್ತಾರೆ. ನಿನ್ನ ಬಾಗಿಲಿಗೆ ಯಾರೂ ಬಂದಿಲ್ಲ ತಾನೇ? ಹಾಗಾದರೆ ಬೇರೆ ಯಾರ ಮಾತನ್ನೂ ನಂಬಬೇಡ' ಎಂದರು. ಅವರ ಗಂಡನ ಸುದ್ದಿಯೂ ಅವರಿಗೆ ಆಗ ಸಿಕ್ಕಿರಲಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ನಂತರ.

ರಾತ್ರಿ ನಮ್ಮವರ ಫೋನು ಬಂತು. ಚೆನ್ನಾಗಿದ್ದೇನೆ, ಊಟ ಮಾಡಿ ಮಲಗಿ, ಇಷ್ಟೇ. ಹೊರಗೆ ಹುಡುಗರು ಪಟಾಕಿ ತರಲು ಹೊರಟಿದ್ದರಂತೆ. ಭಜನಾ ಮಂದಿರದ ಗುರಿಕಾರರು ತಡೆದರು. 'ಈ ಮನೆಗೆ ಒಳ್ಳೆಯ ಫೋನು ಬಂತು. ಬೇರೆ ಮನೆಗಳಿಗೆ ಇವತ್ತು ಬೇರೆ ಫೋನು ಹೋಗಿದೆ' ಎಂದರು. ಅವರ ಆ ಮಾತಿಗಾಗಿ ನಾನು ಅವರ ಕಾಲಿಗೆ ಬಿದ್ದೆ. ಸ್ಕ್ವಾಡ್ರನ್ ಲೀಡರ್ ಸಿದ್ಧಾರ್ಥ ವಶಿಷ್ಠ, ಸ್ಕ್ವಾಡ್ರನ್ ಲೀಡರ್ ನಿನಾದ್ ಮಾಂಡವಗಣೆ ಮತ್ತು ಅವರೊಂದಿಗಿದ್ದ ನಾಲ್ವರು, ಒಟ್ಟು ಆರು ಮಂದಿ ವಾಯುಯೋಧರು ಅಂದು ತೀರಿಕೊಂಡರು. ಕೆಳಗೆ ನೆಲದ ಮೇಲಿದ್ದ ಬುಡ್ಗಾಮಿನ ಒಬ್ಬ ನಾಗರಿಕರೂ ಸತ್ತರು. ಪಾಕಿಸ್ತಾನದ ಸೆರೆಯಲ್ಲಿದ್ದ ಪೈಲಟ್ ವಿಂಗ್ ಕಮಾಂಡರ್ ಅಭಿನಂದನ್ ಮಾರ್ಚ್ 1ರಂದು ಅಟ್ಟಾರಿಯಲ್ಲಿ ಗಡಿ ದಾಟಿ ಬಂದಾಗ ದೇಶವೆಲ್ಲ ಕುಣಿಯಿತು, ನಾವೂ ಸಂತೋಷಪಟ್ಟೆವು. ಆದರೆ ಬುಡ್ಗಾಮಿನಲ್ಲಿ ತೀರಿಕೊಂಡವರ ಆ ಏಳು ಮನೆಗಳ ಬಗ್ಗೆ ಆಡಿದ ಮಾತು ತೀರಾ ಕಡಿಮೆಯಾಯಿತು ಎಂಬ ನೋವು ನನಗೆ ಇಂದಿಗೂ ಇದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಸೇನೆಯ ಆಗಿನ ಮುಖ್ಯಸ್ಥರಾದ ಭದೌರಿಯಾ ಅವರು, ಹೆಲಿಕಾಪ್ಟರಿಗೆ ತಗುಲಿದ್ದು ನಮ್ಮದೇ ಕ್ಷಿಪಣಿ, ಅದು ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅಂದು ನಾನು ಮತ್ತೊಮ್ಮೆ ಕುಸಿದೆ. ನಮ್ಮವರು ಆ ವಿಷಯ ಇಂದಿಗೂ ಎತ್ತುವುದಿಲ್ಲ. ಮನೆಗೆ ಬಂದ ಯಾರೂ ಅವರನ್ನು ಕೆದಕಲಿಲ್ಲ, ಸೇನೆಯನ್ನು ಹಳಿದು ಮಾತು ಬೆಳೆಸಲಿಲ್ಲ, ತಪ್ಪನ್ನು ಮುಚ್ಚಿಡಬೇಕಿತ್ತು ಎಂದೂ ಹೇಳಲಿಲ್ಲ. ನಿಜ ಹೇಳಿದ್ದು ಒಳ್ಳೆಯದಾಯಿತು ಎಂದೇ ನನ್ನ ನಂಬಿಕೆ. ತಮ್ಮವರು ಹೇಗೆ ಹೋದರು ಎಂದು ತಿಳಿಯುವ ಹಕ್ಕು ಆ ಮನೆಗಳಿಗೆ ಎಲ್ಲರಿಗಿಂತ ಮೊದಲಿನದು.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ಸಂಘರ್ಷ ನಡೆದು ಮತ್ತೆ ಅಂಥದೇ ದಿನಗಳು ಬಂದವು. 2021ರಲ್ಲಿ ಪಂಜಾಬಿನ ಮೋಗಾ ಬಳಿ ಬಿದ್ದಿದ್ದ ಮಿಗ್-21ರ ಹಳೆಯ ಚಿತ್ರವನ್ನು ಹೊಸದೆಂದು ಹರಿಯಬಿಟ್ಟಿದ್ದರು. ನಮ್ಮ ಕೇರಿಯ ಗುಂಪಿನಲ್ಲಿ ಅದು ಸುಳಿಯಲೇ ಇಲ್ಲ. ಆರು ವರ್ಷ ಕಳೆದರೂ ಆ ಹುಡುಗರು ಹಿಂದಿನ ಮಾತನ್ನು ಮರೆತಿರಲಿಲ್ಲ.

ಅತ್ತೆ ಈಗ ಸ್ವಲ್ಪ ನಡೆದಾಡುತ್ತಾರೆ. ನಿಮ್ಮನ್ನೆಲ್ಲ ಒಮ್ಮೆ ಒಟ್ಟಿಗೆ ನೋಡಬೇಕೆಂದು ಹಂಬಲಿಸುತ್ತಿದ್ದಾರೆ. ಬರುವ ಭಾನುವಾರ ಸಂಜೆ ಮಂದಿರದಲ್ಲಿ ಭಜನೆ, ಅದು ಮುಗಿದ ಮೇಲೆ ನಮ್ಮ ಮನೆಯಲ್ಲಿ ಊಟ. ಮನೆಮನೆಗೆ ಬಂದು ಕರೆಯಲು ಸಾಧ್ಯವಾಗದಿದ್ದರೆ ಇದನ್ನೇ ಕರೆಯೆಂದು ತಿಳಿದು, ಮಕ್ಕಳನ್ನೂ ಕರೆದುಕೊಂಡು ಬನ್ನಿ.